ಇಪ್ಪತ್ತು ನಿಮಿಷದ ಕೂಗು

ಕಾಫಿ ತಟ್ಟೆ ಹಿಡಿದು ಜನರ ನಡುವೆ ನುಸುಳುತ್ತಿದ್ದ ನೊಯೇಲಿಯಾಗೆ ಒಂದೇ ಅಳುಕು: ಇವತ್ತೂ ನನ್ನ ದನಿ ಗಂಟಲಲ್ಲೇ ಉಳಿದರೆ? ಬೆಳಿಗ್ಗೆ ದಿನಚರಿಯಲ್ಲಿ ಬರೆದಿದ್ದಳು: ‘ಶವಪೆಟ್ಟಿಗೆ ಹೊಸಿಲು ದಾಟುವ ಮುಂಚೆ ಹೇಳಿಬಿಡಬೇಕು.’ ಬರೆಯುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಆಡುವುದೇ ಕಷ್ಟ.

ಸಾವಿನ ಮನೆಯೋ ಕಾರ್ನಿವಲ್ಲೋ ಎನ್ನುವಂತಿತ್ತು. ಬಾರಾಂಕಿಯಾ ಊರಿನ ಆ ಬೀದಿ ತುಂಬ ಡೋಲು ಬಾರಿಸುವ ಮಕ್ಕಳು. ಒಬ್ಬೊಬ್ಬರ ಎದೆ ಮೇಲೂ ಹೊಲಿಗೆಯ ಗೆರೆ. ಅವರ ಹೃದಯ ತೆರೆದ ದಿನ, ಹೃದಯದ ಕೆಲಸ ಮಾಡುವ ಯಂತ್ರದ ಮುಂದೆ ಕೂತಿದ್ದವರು, ಈಗ ಪೆಟ್ಟಿಗೆಯಲ್ಲಿ ಮಲಗಿರುವ ದೋನ್ ಎವಾರಿಸ್ತೊ. ಡೋಲು ನಿಲ್ಲಿಸಲೇ ಎಂದು ಯಾರೋ ಕೇಳಿದ್ದಕ್ಕೆ ಹೆಂಡತಿ ದೆಲ್ಫಿನಾ ಬೇಡವೆಂದು ತಲೆಯಾಡಿಸಿದಳು. “ಅನ್ನ ಬೆಂದಿದ್ದನ್ನೂ ಕೂಗಿ ಹೇಳ್ತಿದ್ದ ಮನುಷ್ಯ. ಸದ್ದಿಲ್ದೆ ಕಳಿಸಿದ್ರೆ ಮುನಿಸ್ಕೋತಾರೆ.”

ಕೂಗುವುದೇ ಅವರ ಕಸುಬು. ಹೊಲಿಯಬೇಕಾದರೆ ಹೃದಯ ನಿಲ್ಲಿಸಬೇಕು. ನಿಂತ ಹೃದಯ ಕೆಡದಿರಲು ಇಪ್ಪತ್ತು ನಿಮಿಷಕ್ಕೊಮ್ಮೆ ತಣ್ಣನೆಯ ಮದ್ದು ಹರಿಸಬೇಕು. ಹೊತ್ತಾಯಿತೆಂದು ಯಂತ್ರದ ಕಡೆಯವರು ಕೂಗಿದರೆ ಡಾಕ್ಟರು ಅದೇ ಮಾತನ್ನು ತಿರುಗಿ ಹೇಳುತ್ತಾರೆ. ತಿರುಗಿ ಹೇಳುವ ತನಕ ಕೂಗಿದ್ದು ಕೂಗಿದಂತಲ್ಲ.

“ಮೂವತ್ತು ವರ್ಷದಲ್ಲಿ ಒಂದೇ ಸಲ ಹೊತ್ತು ಮರೆತ ನಮ್ಮ ಮುದುಕ,” ಡಾಮಿನೊ ಬಿಲ್ಲೆ ಕುಕ್ಕುತ್ತ ಗೆಳೆಯ ಬೆರ್ತುಲ್ಫೊ ನಕ್ಕ. “ನಾನು ಸೋತ ಆಟ ಮಾತ್ರ ಒಂದೂ ಮರೀಲಿಲ್ಲ, ಕಳ್ಳ.”

ಆ ಒಂದಕ್ಕೇ ಯಂತ್ರದ ಮುಂದಿನ ಕುರ್ಚಿ ಬಿಡಿಸಬೇಕಾಯಿತು ಎಂದು ಆಪರೇಷನ್ ಮಾಡುವ ಡಾಕ್ಟರ್ ಅವೆಯೊ ನಿಟ್ಟುಸಿರಿಟ್ಟರು. ದೆಲ್ಫಿನಾ ತಲೆ ತಗ್ಗಿಸಿದಳು. ಈಗ ಆ ಕುರ್ಚಿಯಲ್ಲಿ ಕೂರುವ ನೊಯೇಲಿಯಾ ಖಾಲಿ ಲೋಟಗಳನ್ನು ತಟ್ಟೆಗೆ ಎತ್ತಿಕೊಂಡಳು.

*

ಮೂರು ವರ್ಷದ ಹಿಂದೆ. ಆಪರೇಷನ್ ಮೇಜಿನ ಮೇಲೆ ಐದು ವರ್ಷದ ಯಾರ್ಲಿಸ್. ದೋನ್ ಎವಾರಿಸ್ತೊ ಕಣ್ಣು ರಕ್ತದ ಕೊಳವೆಯ ಮೇಲೆ. ಗಡಿಯಾರ, ಕೆಲಸ ಕಲಿಯಲು ಬಂದವಳ ಕೈಯಲ್ಲಿ. ‘ಇಪ್ಪತ್ತು’ ಎಂದಳು ನೊಯೇಲಿಯಾ, ಮುಖಗವಸಿನೊಳಗೇ. ಡಾಕ್ಟರು ತಿರುಗಿ ಹೇಳಲಿಲ್ಲ. ಹೊಲಿಗೆಯ ನಡುವೆ ಇನ್ನೊಮ್ಮೆ ಕೂಗುವುದು ಹೇಗೆಂದು ಸಂಕೋಚಪಟ್ಟಳು. ಮುದುಕರು ತಲೆಯೆತ್ತಿ ನೋಡಿದಾಗ ಮೂವತ್ತೆರಡು ನಿಮಿಷ.

ಆ ಹೃದಯ ಮತ್ತೆ ಬಡಿಯಲು ಎಲ್ಲರ ಜೀವ ಬಾಯಿಗೆ ಬರಬೇಕಾಯಿತು. ಗಡಿಯಾರ ಯಾರ ಹತ್ತಿರವಿತ್ತು ಎಂದು ಡಾಕ್ಟರು ಗುಡುಗಿದರು. ನನ್ನ ಹತ್ತಿರವೇ, ಕಣ್ಣು ಹತ್ತಿತ್ತು ಎಂದರು ದೋನ್ ಎವಾರಿಸ್ತೊ.

ಆಮೇಲೆ ಮೆಟ್ಟಿಲ ಬಳಿ ಅವಳಿಗೆ ಹೇಳಿದರು: “ನನಗಿನ್ನು ನಾಲ್ಕು ವರ್ಷದ ಕೆಲಸ ಮಗಳೇ, ನಿನಗೆ ನಲವತ್ತು. ಇನ್ಮೇಲೆ ಗೋಡೆಗೆ ಕೇಳೋ ಹಾಗೆ ಹೇಳು.”

*

ಪೆಟ್ಟಿಗೆ ಮೇಲೆದ್ದಿತು. ಡೋಲಿನ ಸದ್ದು ಬೀದಿಯನ್ನೇ ಎತ್ತಿಕೊಂಡು ಹೋಗುವಂತಿತ್ತು. ಮುಂದೆ ನಿಂತು ಬಾರಿಸುತ್ತಿದ್ದವಳು ಎಂಟು ವರ್ಷದ ಯಾರ್ಲಿಸ್. ಆ ಒಂದು ತಪ್ಪನ್ನು ಇಂದು ಮರೆಯೋಣ ಎಂದು ಡಾಕ್ಟರು ಶುರುಮಾಡಿದರು.

ನೊಯೇಲಿಯಾ ಬಾಯಿ ತೆರೆದಳು, ಹೇಳಿಯೂ ಹೇಳಿದಳು. ಡೋಲು ಅದನ್ನು ನುಂಗಿಹಾಕಿತು. ಯಾರೂ ತಿರುಗಿ ಹೇಳಲಿಲ್ಲ.

ಪೆಟ್ಟಿಗೆಯ ಮುಂತುದಿ ಹೊಸಿಲು ದಾಟಿತು. ಅವಳು ತಟ್ಟೆಯನ್ನು ನೆಲಕ್ಕಿಟ್ಟಳು.

“ಡಾಕ್ಟ್ರೇ, ಅವತ್ತು ಗಡಿಯಾರ ನನ್ನ ಕೈಲಿತ್ತು.”

ಎದುರುಮನೆಯ ಗೋಡೆಗೂ ಕೇಳಿಸಿತು. ಡೋಲಿನ ಕೋಲು ಗಾಳಿಯಲ್ಲೇ ನಿಂತಿತು; ಪೆಟ್ಟಿಗೆ ಹೊತ್ತವರೂ ನಿಂತರು. ದೆಲ್ಫಿನಾ ನಿಧಾನವಾಗಿ ತಲೆಯೆತ್ತಿದಳು.

“ಗಡಿಯಾರ,” ಎಂದರು ಡಾಕ್ಟರು, ಮೂವತ್ತು ವರ್ಷದ ರೂಢಿಯಂತೆ, ಒಂದೊಂದೇ ಮಾತು ಆಯ್ದು, “ನಿನ್ನ ಕೈಲಿತ್ತು.”

ಯಾರ್ಲಿಸ್‌ಳ ಕೋಲು ಮತ್ತೆ ಡೋಲಿಗಿಳಿಯಿತು.