ಸೈಮಾ ಆರಿಸಿದ ಟ್ರಾಕ್ಟರು

ಸೈಮಾ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸಕ್ಕಿದ್ದಳು. ದಿನವಿಡೀ ಒದ್ದೆ ಚಾದರಗಳನ್ನು ಎತ್ತಿ ಎತ್ತಿ ಅವಳ ಬಲಭುಜ ಸೋತುಹೋಗಿತ್ತು. ಚಳಿಗಾಲ ಬಂದರೆ ಅದರ ಮೇಲೆ ಹಿಮದ ಕೆಲಸ. ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ಮೇಲಿಂದ ಬೀಸಿ ಬರುವ ಹಿಮ ನವೆಂಬರಿನಲ್ಲಿ ಶುರುವಾದರೆ ಏಪ್ರಿಲ್‌ವರೆಗೂ ಬಿಡುವುದಿಲ್ಲ. ಕತ್ತಲಿರುವಾಗಲೇ ಎದ್ದು, ಹಿಮ ತೂರುವ, ಹಿಂದೆ ನಿಂತು ತಳ್ಳುವ ಹಳೆಯ ಯಂತ್ರ ಹಿಡಿದು, ಮೊದಲು ತನ್ನ ಮನೆಯ ದಾರಿ, ಆಮೇಲೆ ಪಕ್ಕದ ಮನೆಯ ರೂಡಿಯ ದಾರಿ ಬಿಡಿಸಿ, ಕೈಗವಸುಗಳನ್ನು ಒಲೆಯ ಪಕ್ಕ ಒಣಹಾಕಿ ಅವಳು ಕೆಲಸಕ್ಕೆ ಹೊರಡಬೇಕು.

ರೂಡಿಯ ದಾರಿ ಯಾವಾಗ ತನ್ನ ಪಾಲಿಗೆ ಬಂತೆಂದು ಅವಳಿಗೇ ನೆನಪಿರಲಿಲ್ಲ. ಮುದುಕನ ಎಡ ಸೊಂಟದ ಕೀಲು ಬದಲಾಯಿಸಿದ ವರ್ಷ ‘ಈ ಒಂದು ಸಲ’ ಎಂದು ಮಾಡಿದ್ದಳು. ಅಷ್ಟರಲ್ಲಿ ಅವನ ಹೆಂಡತಿ ಡೊಲೊರೆಸ್‌ಗೆ ಕಿಡ್ನಿ ಕೈಕೊಟ್ಟಿತು. ದಿನ ಬಿಟ್ಟು ದಿನ ಡಯಾಲಿಸಿಸ್‌ಗೆ ಹೋಗಬೇಕು. ಹಿಮ ಬಿತ್ತೆಂದು ಅದನ್ನು ತಪ್ಪಿಸುವ ಹಾಗಿಲ್ಲ. ಆಗುವುದಿಲ್ಲ ಅನ್ನುವುದಾದರೂ ಹೇಗೆ?

ಕಳೆದ ಮಾರ್ಚಿನಲ್ಲಿ ಆ ಯಂತ್ರವೂ ಕೆಟ್ಟು ಕೂತಿತು. ಸೆಪ್ಟೆಂಬರಿನಲ್ಲಿ, ಹಿಮ ತೆಗೆಯಲು ಕೂತು ಓಡಿಸುವ ಒಂದು ಗಾರ್ಡನ್ ಟ್ರಾಕ್ಟರನ್ನಾದರೂ ನೋಡೋಣವೆಂದು ಅವಳು ಪೇಟೆಗೆ ಹೊರಟಾಗ, ಕರೆಯದೆಯೇ ರೂಡಿ ಬಂದು ಕಾರಿನಲ್ಲಿ ಕೂತ.

“ನೀನೊಬ್ಳೇ ಹೋದ್ರೆ ಹುಲ್ಲು ಕತ್ತರಿಸೋ ಗಾಡಿ ತಲೆಗೆ ಕಟ್ಟಿ ಕಳಿಸ್ತಾರೆ ಕಣಮ್ಮ,” ಎಂದ.

ಅಂಗಡಿಯ ಅಂಗಳದಲ್ಲಿ ಟ್ರಾಕ್ಟರುಗಳು ಸಾಲಾಗಿ ನಿಂತಿದ್ದವು. ರೂಡಿ ಕುಂಟುತ್ತಾ ನೇರ ಎಲ್ಲಕ್ಕಿಂತ ದೊಡ್ಡದರ ಹತ್ತಿರ ಹೋದ. ಮುಂದೆ ಹಿಮ ತೂರುವ ಅಗಲವಾದ ಯಂತ್ರ, ಮೇಲೆ ಗಾಜಿನ ಗೂಡು.

“ಬಾಯಿ ನೋಡೇ ಇದರದ್ದು! ನಮ್ಮ ಗ್ಯಾರೇಜ್ ಮೂಲೇಲಿ ಇದು ತಿರುಗುತ್ತೇನಪ್ಪಾ?” ಎಂದು ಅಂಗಡಿಯ ಕರ್ಟ್‌ನನ್ನು ಕೇಳಿದ.

ನಮ್ಮ ಗ್ಯಾರೇಜ್ ಅಂದರೆ ಅವನ ಗ್ಯಾರೇಜು.

“ಇದಿದ್ರೆ ಎರಡೂ ಮನೆ ಕಣ್ಮುಚ್ಚಿ ತೆಗೆಯೋದ್ರೊಳಗೆ ಆಗುತ್ತೆ. ಚರ್ಚ್ ಮುಂದೇನೂ ಒಂದು ಸುತ್ತು ಹೊಡೀಬಹುದು. ಪಾದ್ರಿಗೆ ನಾನೇ ಹೇಳ್ತೀನಿ ಬಿಡು.”

ಸೈಮಾ ಅಲ್ಲೇ ಪೇರಿಸಿಟ್ಟಿದ್ದ, ಹಿಮ ಕರಗಿಸುವ ಉಪ್ಪಿನ ಚೀಲಗಳ ಮೇಲೆ ಕೂತುಬಿಟ್ಟಳು.

“ಏನಾಯ್ತೇ?”

“ಸಾಕಾಗಿದೆ ರೂಡಿ.”

“ಈಗಷ್ಟೇ ಬಂದಿದ್ದೀವಲ್ಲೇ!”

“ಅಂಗಡಿ ಅಲ್ಲ. ಹಿಮ ಬಿದ್ದಾಗೆಲ್ಲ ಏಳೋದು ಸಾಕಾಗಿದೆ. ನೀವು ಬೆಚ್ಚಗೆ ಪರದೆ ಎಳ್ಕೊಂಡು ಮಲಗಿರ್ತೀರಿ, ನಾನು ಹೊರಗೆ ಒದ್ದಾಡ್ತಿರ್ತೀನಿ.”

ರೂಡಿ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

“ಮಲಗಿರ್ತೀವಾ? ನಿನ್ನ ಯಂತ್ರದ ಸದ್ದು ಕೇಳ್ತಿದ್ದ ಹಾಗೆ ಇಬ್ರೂ ಎದ್ದು ಕೂರ್ತೀವಿ. ಪರದೆ ಎಳೆಯೋಳು ಡೊಲೊರೆಸ್. ನೋಡೋಕೆ ನಾಚಿಕೆ ಆಗುತ್ತೆ ಅಂತಾಳೆ. ಈ ದರಿದ್ರ ಕಾಲನ್ನ ಮೇಲೆತ್ತೋಕಾಗಲ್ಲ, ನಾನೇನ್ ಮಾಡ್ಲಿ ಹೇಳು?”

ಇಷ್ಟು ವರ್ಷದಲ್ಲಿ ಅವನು ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಸೈಮಾ ಎದ್ದು ಕರ್ಟ್‌ನ ಕಡೆ ತಿರುಗಿದಳು.

“ಕಾಲು ಎತ್ತದೆ ಹತ್ತೋ ಅಂಥದ್ದು ಯಾವುದಿದೆ?”

ಅವನು ಕೊನೆಯ ಸಾಲಿನಲ್ಲಿದ್ದ ಒಂದನ್ನು ತೋರಿಸಿದ. ನಡುವೆ ತಗ್ಗು, ಕಾಲಿಟ್ಟು ದಾಟಿದರೆ ಸೀಟು. ಮುಂದಕ್ಕೂ ಹಿಂದಕ್ಕೂ ಬಲಗಾಲಿನ ಪೆಡಲೇ. ತೂರುವ ಯಂತ್ರವನ್ನು ಎತ್ತಿಳಿಸಲು ಒಂದು ಗುಂಡಿ ಒತ್ತಿದರೆ ಸಾಕು.

“ಆದ್ರೆ ಬಾಯಿ ಚಿಕ್ಕದು ಮೇಡಂ. ನಿಮ್ಮ ಕಡೆ ಬೀಳೋ ಹಿಮಕ್ಕೆ ಎರಡೆರಡು ಸಲ ಓಡಾಡ್ಬೇಕಾಗುತ್ತೆ.”

“ಓಡಾಡ್ಲಿ.”

“ಮುಂದೆ ಬರೀ ತಳ್ಳೋ ಹಲಗೆ ಹಾಕಿದ್ರೆ ಸಾಲದಾ?” ಎಂದು ಕರ್ಟ್ ಕೇಳಿದ.

“ತಳ್ಳಿದ್ದನ್ನ ಜನವರೀಲಿ ಎಲ್ಲಿ ಇಡ್ಲಿ, ತಲೆ ಮೇಲಾ? ತೂರೋದೇ ಬೇಕು. ಜಾರದ ಹಾಗೆ ಚಕ್ರಕ್ಕೆ ಚೈನು, ಹಿಂದೆ ಭಾರ, ಎರಡೂ ಹಾಕ್ಕೊಡಿ.” ಆಮೇಲೆ ರೂಡಿಗೆ ಹೇಳಿದಳು: “ಹತ್ತಿ ಕೂತ್ಕೊಳ್ಳಿ.”

“ನಾನ್ಯಾಕೆ? ಕೊಳ್ಳೋಳು ನೀನು.”

“ಓಡಿಸೋರು ನೀವು. ಎರಡೂ ಮನೇದು. ಚರ್ಚಿಂದೂ ಬೇಕಾದ್ರೆ ನೀವೇ ಮಾಡ್ಕೊಳ್ಳಿ.”

ರೂಡಿ ಹಿಡಿಕೆ ಹಿಡಿದು, ಹಲ್ಲು ಕಚ್ಚಿ, ಎಡಗಾಲನ್ನು ಎಳೆದುಕೊಂಡು ಕೂತ. ಅಂಗಳದಲ್ಲಿ ಒಂದು ಸುತ್ತು ಹಾಕಿದ. ಎರಡನೆಯ ಸುತ್ತಿನಲ್ಲಿ ಹೂಕುಂಡಗಳ ಸಾಲಿಗೆ ನುಗ್ಗಿದ. ಕರ್ಟ್ ಕೂಗುತ್ತಾ ಹಿಂದೆ ಓಡಿದ.

ನವೆಂಬರಿನಲ್ಲಿ ಮೊದಲ ದೊಡ್ಡ ಹಿಮ ಬಿತ್ತು. ಅಭ್ಯಾಸಬಲದಿಂದ ಸೈಮಾಗೆ ಎಚ್ಚರವಾಯಿತು. ಹೊರಗೆ ಟ್ರಾಕ್ಟರಿನ ಸದ್ದು. ನಿಂತಿತು, ಮತ್ತೆ ಶುರುವಾಯಿತು, ನಡುವೆ ಏನೋ ಲಟಕ್ಕೆಂದು ಮುರಿಯಿತು. ಎದ್ದು ಕಿಟಕಿಯಲ್ಲಿ ನೋಡಿದಳು. ರೂಡಿ ಕಿವಿ ಮುಚ್ಚುವ ಟೋಪಿ ಹಾಕಿಕೊಂಡು ಸೊಟ್ಟಸೊಟ್ಟ ಓಡಿಸುತ್ತಿದ್ದ. ಡೊಲೊರೆಸ್ ಕೋಟು ತೊಟ್ಟು ಜಗಲಿಯಲ್ಲಿ ನಿಂತು, ಟಾರ್ಚ್ ಬೀಸುತ್ತಾ, “ಆ ಕಡೆ, ಆ ಕಡೆ ಅಂದ್ರೆ ಕೇಳ್ಸಲ್ವೇನ್ರೀ!” ಎಂದು ಬೈಯುತ್ತಿದ್ದಳು. ಹಿಮವೆಲ್ಲ ಸೈಮಾಳ ಉಗಿಸ್ನಾನದ ಸೌನಾ ಗುಡಿಸಲಿನ ಬಾಗಿಲಿಗೆ ಹೋಗಿ ಬೀಳುತ್ತಿತ್ತು. ಹೋಗಿ ಸರಿಮಾಡೋಣ ಎಂದು ಸೈಮಾ ಬೂಟಿಗೆ ಕೈಹಾಕಿದಳು. ಆಮೇಲೆ ಬಿಟ್ಟಳು.

ಬೆಳಕಾಗುವ ಹೊತ್ತಿಗೆ ರೂಡಿ ಬಾಗಿಲು ತಟ್ಟಿದ. ಹುಬ್ಬೆಲ್ಲ ಬಿಳಿ.

“ನಿನ್ನ ಟಪಾಲು ಡಬ್ಬಿ ಹೋಯ್ತು ಕಣಮ್ಮ.”

“ಹೋಗ್ಲಿ.”

“ಸೌನಾ ಬಾಗಿಲೂ ಹೂತುಹೋಯ್ತು.”

“ಸೌನಾ ಸ್ನಾನ ಶನಿವಾರ ತಾನೇ, ಇನ್ನೂ ದಿನ ಇದೆಯಲ್ಲ. ಸೊಂಟ ಹೇಗಿದೆ?”

“ಸೊಂಟ ಇದೆಯೋ ಇಲ್ವೋ ಗೊತ್ತಾಗ್ತಿಲ್ಲ ಮಾರಾಯ್ತಿ,” ಎಂದು ಅವನು ಹಲ್ಲು ಬಿಟ್ಟ.

ಕಾಫಿಗೆ ಕರೆದರೆ, ಡೊಲೊರೆಸ್ ಆಗಲೇ ಕಾರಿನಲ್ಲಿ ಕೂತಿದ್ದಾಳೆ, ಹೊತ್ತಾಯಿತು ಎಂದ. ಸೈಮಾ ಏಲಕ್ಕಿ ಬ್ರೆಡ್ಡಿನ ಎರಡು ತುಂಡು ಸುತ್ತಿ ಅವನ ಜೇಬಿಗೆ ತುರುಕಿದಳು. ಅವನ ಕಾರು ಆ ಸೊಟ್ಟ ದಾರಿಯಲ್ಲೇ ತೆವಳಿಕೊಂಡು ರಸ್ತೆ ಸೇರಿತು.

ಕೆಲಸಕ್ಕೆ ಹೊರಡಲು ಇನ್ನೂ ಸಮಯವಿತ್ತು. ಭುಜ ಎಂದಿನಂತೆ ನೋಯುತ್ತಲೇ ಇತ್ತು. ಸೈಮಾ ಕಾಫಿ ಬಗ್ಗಿಸಿಕೊಂಡು ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತಳು. ಎರಡು ಗುಟುಕು ಕುಡಿಯುವಷ್ಟರಲ್ಲಿ ಕೂತಲ್ಲೇ ನಿದ್ದೆ ಹೋದಳು.