ಕಪ್ಪು ಕಾರಿನ ಎರಡನೇ ಗೇರು

ಬೆಳಿಗ್ಗೆಯಿಂದ ಅಕ್ಕ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಶೆಡ್ಡಿನೊಳಗೆ ಅಪ್ಪ ಬಿಟ್ಟುಹೋದ ಹಳೆಯ ಕಾರುಗಳೆರಡು, ಒಂದು ಕಪ್ಪು, ಒಂದು ಬಿಳಿ. ತಮ್ಮನ ಹೊಸ ಟ್ರ್ಯಾಕ್ಟರು ಹೊರಗೆ ಬಿಸಿಲಲ್ಲಿ ಒಣಗುತ್ತಿತ್ತು. ಅದಕ್ಕೆ ಜಾಗವಾಗಬೇಕಾದರೆ ಎರಡರಲ್ಲೊಂದು ಹೋಗಲೇಬೇಕು. ಯಾವುದು ಎಂಬುದನ್ನು, ಕೊಳ್ಳಲು ಬರುವ ಹಲ್ಲಿನ ಡಾಕ್ಟರೇ ಆರಿಸಲಿ ಎಂದು ಇಬ್ಬರೂ ಒಪ್ಪಿದ್ದರು. ಒಪ್ಪಿದ ಗಳಿಗೆಯಿಂದ ಅಕ್ಕನಿಗೆ ನೆಮ್ಮದಿಯಿಲ್ಲ. ಅಪ್ಪ ಪಕ್ಕದಲ್ಲಿ ಕೂತು ಅವಳಿಗೆ ಓಡಿಸಲು ಕಲಿಸಿದ್ದು ಕಪ್ಪು ಕಾರಿನಲ್ಲಿ. ಅದು ಹೋಗಬಾರದು.

ಡಾಕ್ಟರು ಬಂದು ಬಾನೆಟ್ ಎತ್ತಿಸಿದಾಗ ಅವಳು ಬಿಳಿಯದನ್ನು ಹೊಗಳಿದ್ದೇ ಹೊಗಳಿದ್ದು.

“ಇದು ಹಸುವಿನಂಥದ್ದು ಡಾಕ್ಟ್ರೇ. ಎಂಥ ಚಳಿಯಲ್ಲೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ. ಬಿಡಿಭಾಗವೂ ಸುಲಭವಾಗಿ ಸಿಗುತ್ತೆ.”

“ಕಪ್ಪು?”

“ಅಯ್ಯೋ, ಅದರ ಚಾಕರಿ ಯಾರಿಗೂ ಬೇಡ. ಆಯಿಲ್ ಕುಡಿಯುತ್ತೆ. ತಿಂಗಳು ತಿಂಗಳೂ ಕಾರ್ಬ್ಯುರೇಟರ್ ಬಿಚ್ಚಿ ತೊಳೀಬೇಕು. ಮೂಗಿನ ತುದೀಲೇ ಕೋಪ ಅದಕ್ಕೆ.”

“ಯಾರ ಹಾಗೆ ಅಂತ ಕೇಳಿ,” ಎಂದ ತಮ್ಮ.

“ನೀನು ಬಾಯಿ ಮುಚ್ಚೋ.”

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಏರಿನಲ್ಲಿ ಕಪ್ಪು ಕಾರಿಗಿರುವ ಎಳೆತ ಬಿಳಿಯದಕ್ಕಿಲ್ಲ ಎಂಬುದನ್ನಷ್ಟೇ ನುಂಗಿಕೊಂಡಿದ್ದಳು.

ಡಾಕ್ಟರು ಮೊದಲು ಬಿಳಿ ಕಾರನ್ನು ಊರಾಚೆಯ ದಿಬ್ಬ ಹತ್ತಿಸಿದರು. ಏದುಸಿರು ಬಿಡುತ್ತಾ, ಆದರೆ ಎಲ್ಲೂ ತಕರಾರು ಮಾಡದೆ ಅದು ಹತ್ತಿತು. ಆಮೇಲೆ ಕಪ್ಪಿನ ಸರದಿ. ಪಕ್ಕದ ಸೀಟಿನಲ್ಲಿ ಅಕ್ಕ, ಹಿಂದೆ ತಮ್ಮ. ದಿಬ್ಬದ ಅರ್ಧಕ್ಕೆ ಬರುವಾಗ ಎಂಜಿನ್ ದಮ್ಮು ಕಟ್ಟಿದಂತೆ ನಡುಗಿತು. ಡಾಕ್ಟರು ಎರಡನೇ ಗೇರಿಗೆ ತಡಕಾಡಿದರು. ಕರಕರ ಸದ್ದು.

“ಡಾಕ್ಟ್ರೇ, ಗೇರು ಹಾಕ್ತಿದ್ದೀರೋ, ಹಲ್ಲು ಕೀಳ್ತಿದ್ದೀರೋ?” ಎಂದ ತಮ್ಮ.

“ಇದು ನನ್ನ ಕೈಗೆ ಬಗ್ಗಲ್ಲಪ್ಪ. ಬಿಳಿಯದೇ ವಾಸಿ,” ಎನ್ನುತ್ತಲೇ ಅವರು ಮತ್ತೆ ತಳ್ಳಿದರು. ಮತ್ತೆ ಕರಕರ.

ಅವಳು ಇನ್ನೊಂದು ಚೂರು ಸುಮ್ಮನಿದ್ದರೆ ಸಾಕಿತ್ತು. ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಮೂರನೇ ಸಲ ಆ ಸದ್ದು ಬಂದಾಗ ತನ್ನದೇ ಮೂಳೆ ಉಜ್ಜಿದಂತಾಯಿತು.

“ಹಾಗಲ್ಲ! ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ. ಕ್ಲಚ್ ಬಿಡಿ. ಸ್ವಲ್ಪ ಆಕ್ಸಿಲರೇಟರ್ ಕೊಡಿ. ಈಗ ಇನ್ನೊಂದು ಸಲ ಕ್ಲಚ್ ಒತ್ತಿ, ಹಾಕಿ.”

ಗೇರು ಸದ್ದಿಲ್ಲದೆ ಕೂತಿತು. ಕಪ್ಪು ಕಾರು ಗುರುಗುಟ್ಟಿ, ಉಳಿದ ಏರನ್ನು ಒಂದೇ ಉಸಿರಿಗೆ ಮುಗಿಸಿತು. ಮೇಲೆ ನಿಲ್ಲಿಸಿ ಡಾಕ್ಟರು ಮಗುವಿನ ಹಾಗೆ ನಕ್ಕರು.

“ನನಗೆ ಇದೇ ಇರಲಿ.”

ತಮ್ಮ ಹಿಂದಿನಿಂದ ಬಗ್ಗಿ, “ಸುಮ್ನಿರೋಕೆ ಏನಾಗಿತ್ತಕ್ಕಾ ನಿಂಗೆ?” ಎಂದು ಪಿಸುಗುಟ್ಟಿದ.

ಅವಳು ಡ್ಯಾಶ್‌ಬೋರ್ಡಿನ ಧೂಳನ್ನು ಅಂಗೈಯಿಂದ ಒರೆಸಿದಳು. ಒರೆಸಿದ ಕಡೆಯೇ ಮತ್ತೆ ಒರೆಸಿದಳು.

“ಇಳಿಯುವಾಗಲೂ ಎರಡನೇ ಗೇರಲ್ಲೇ ಇಳಿಸಿ ಡಾಕ್ಟ್ರೇ. ಬರೀ ಬ್ರೇಕ್ ನಂಬಬೇಡಿ,” ಎಂದಳು. “ಮನೆಗೆ ಹೋದ ಮೇಲೆ ಕಾರ್ಬ್ಯುರೇಟರ್ ಬಿಚ್ಚೋದು ತೋರಿಸ್ತೀನಿ. ಅವಸರ ಮಾಡಬಾರದು. ಹೊತ್ತು ಹಿಡಿಯುತ್ತೆ.”