ಮೊದಲು ಅನುಮಾನ ಬಂದವನು

"ಉಸಿರಾಡು, ಪರವಾಗಿಲ್ಲ. ಕೈ ಮಾತ್ರ ಅಲುಗಿಸ್ಬೇಡ," ಎಂದು ಹೇಳಿ ಅಕ್ಕ ಗಾಜಿನ ಹಿಂದೆ ಹೋಗಿ ಗುಂಡಿ ಒತ್ತಿದಳು. ಈ ಎಕ್ಸ್‌ರೇ ಕೋಣೆಯಲ್ಲಿ ದಿನವಿಡೀ ಹೇಳುವ ಮಾತು. ತಂಗಿಗೆ ಹೇಳಿದ್ದು ಇದೇ ಮೊದಲು.

"ಬಚ್ಚಲಲ್ಲಿ ಜಾರಿದೆ," ಎಂದು ತಂಗಿ ಯಾರೂ ಕೇಳದಿದ್ದರೂ ಮತ್ತೊಮ್ಮೆ ಹೇಳಿದಳು. "ಸೋಪು ಬಿದ್ದಿತ್ತು ಕಣೇ."

"ಸೋಪಿನ ಬಣ್ಣ ಯಾವ್ದು?" ಅಕ್ಕ ಪತ್ತೇದಾರನ ದನಿ ಮಾಡಿ ಕೇಳಿದಳು. ತಂಗಿ ನಗಲಿಲ್ಲ.

ಅಪ್ಪ ಅಮ್ಮ ಬೇಗ ತೀರಿಹೋದ ಮೇಲೆ ಅವರಿಬ್ಬರಿಗೆ ಜೊತೆಯಾದದ್ದು ಕೊಲೆಯ ಕಥೆಗಳು. ಮೊದಲು ಬಾಡಿಗೆ ಪುಸ್ತಕದಂಗಡಿಯ ಹರಿದ ಕಾದಂಬರಿಗಳು, ಆಮೇಲೆ ಸಿನಿಮಾಗಳು. ಒದ್ದೆ ರಸ್ತೆಯ ಮೇಲೆ ದೀಪದ ಬೆಳಕು ಚೂರಾಗಿ ಬಿದ್ದಿರಬೇಕು, ನಾಯಕ ಅಷ್ಟೇನೂ ಒಳ್ಳೆಯವನಾಗಿರಬಾರದು, ಗೆದ್ದವನಿಗೂ ಕೊನೆಗೆ ಬಾಯಿ ಕಹಿಯಾಗಬೇಕು. ಅಂಥದ್ದು ಸಿಕ್ಕಿದರೆ ಇಬ್ಬರಿಗೂ ಊಟದ ನೆನಪಾಗುತ್ತಿರಲಿಲ್ಲ. ಜಗತ್ತು ಹೇಗಿದೆಯೋ ಹಾಗೆ, ಬಣ್ಣ ಬಳಿಯದೆ ಹೇಳುವುದು ಈ ಕಥೆಗಳು ಮಾತ್ರ ಎಂದು ಅಕ್ಕ ನಂಬಿದ್ದಳು. ಅರ್ಧಕ್ಕೆ ಸಿನಿಮಾ ನಿಲ್ಲಿಸಿ ಕೊಲೆಗಾರ ಯಾರೆಂದು ಹೇಳಬೇಕು; ತಪ್ಪಿದವರು ಪಾತ್ರೆ ತೊಳೆಯಬೇಕು. ತಂಗಿ ಮುಖ ಗಂಟಿಕ್ಕಿಕೊಂಡವನನ್ನೇ ಹಿಡಿಯುತ್ತಿದ್ದಳು.

"ಪೆದ್ದಿ, ಮೊದಲು ಅನುಮಾನ ಬಂದವನು ಯಾವತ್ತೂ ಕೊಲೆಗಾರ ಆಗಿರಲ್ಲ," ಎಂದು ಅಕ್ಕ ನಗುತ್ತಿದ್ದಳು. ಪಾತ್ರೆಗಳು ತಂಗಿಯ ಪಾಲಿಗೇ ಬೀಳುತ್ತಿದ್ದವು.

ತಂಗಿಯನ್ನು ಮದುವೆಗೆ ಇಬ್ಬರು ಕೇಳಿದಾಗಲೂ ಅಕ್ಕನ ತಲೆಯಲ್ಲಿದ್ದುದು ಅದೇ. ಒಬ್ಬ ಬಂದವನೇ ಎಲ್ಲರನ್ನೂ ನಗಿಸಿದ, ಕುಡಿದ ಲೋಟ ತಾನೇ ಒಳಗಿಟ್ಟ. ಇನ್ನೊಬ್ಬ ಕಾಫಿ ಆರಿಹೋಗಿದೆಯೆಂದು ಸಿಡುಕಿದ.

"ಇವನ ಕಣ್ಣು ನೋಡಿದ್ರೆ ಭಯ ಆಗತ್ತೆ ಅಕ್ಕಾ," ಎಂದಿದ್ದಳು ತಂಗಿ.

"ನಗೋನ್ನ ನಂಬ್ಬೇಡ. ಸಿಡುಕೋನ ಹೊಟ್ಟೇಲಿ ಏನೂ ಇರಲ್ಲ. ಇಷ್ಟು ಸಿನಿಮಾ ನೋಡಿದೀಯ, ಇನ್ನೂ ಕಲೀಲಿಲ್ವಾ?"

ತಮಾಷೆಗೆ ಹೇಳಿದ್ದಾಗಿರಲಿಲ್ಲ. ಮದುವೆ ಸಿಡುಕಿದವನ ಜೊತೆಗೇ ಆಯಿತು.

ಪರದೆಯ ಮೇಲೆ ಚಿತ್ರ ಮೂಡಿತು. ಜಾರಿ ಬಿದ್ದವರು ಅಂಗೈ ಊರುತ್ತಾರೆ. ಸಾಮಾನ್ಯವಾಗಿ ಮುರಿಯುವುದು ಮಣಿಕಟ್ಟಿನ ಹತ್ತಿರ. ಇದು ಮುಂಗೈಯ ನಟ್ಟನಡುವೆ, ಕಿರುಬೆರಳಿನ ಬದಿಯ ಎಲುಬು. ಹೊಡೆತ ಬೀಳುವಾಗ ಮುಖಕ್ಕೆ ಅಡ್ಡ ಹಿಡಿದ ಕೈ ಹೀಗೆ ಮುರಿಯುತ್ತದೆ. ಸ್ವಲ್ಪ ಮೇಲೆ ಇನ್ನೊಂದು ಮುರಿತ, ಹಳೆಯದು, ತಾನಾಗಿ ಕೂಡಿಕೊಂಡು ಗಂಟುಕಟ್ಟಿತ್ತು. ಅದನ್ನು ಯಾರಿಗೂ ತೋರಿಸಿದಂತಿರಲಿಲ್ಲ.

ಅಕ್ಕ ಗಾಜಿನ ಹಿಂದಿನಿಂದ ಹೊರಬಂದಳು. "ಅವನಾ?"

"ಮತ್ತಿನ್ಯಾರು? ಮನೇಲಿರೋದೇ ಇಬ್ರು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ. ಮದುವೆಗೆ ಮುಂಚೇನೇ."

ಹೊರಗೆ ಬೆಂಚಿನಲ್ಲಿದ್ದ ತಂಗಿಯ ಗಂಡ ಬಾಗಿಲು ತಟ್ಟಿದ. "ಇನ್ನೂ ಎಷ್ಟೊತ್ತು?"

ಅಕ್ಕ ತಂಗಿಯ ಇನ್ನೊಂದು ಕೈ ಹಿಡಿದಳು. "ಹೋಗ್ಬೇಡ. ಡಾಕ್ಟರಿಗೆ ನಾನು ಹೇಳ್ತೀನಿ, ಪೊಲೀಸಿಗೂ ಹೇಳ್ತೀನಿ. ಇವತ್ತಿಂದ ನಮ್ಮನೇಲೇ ಇರು. ನನ್ನ ಮಾತು ಕೇಳೇ."

ತಂಗಿ ಮೆಲ್ಲಗೆ ಕೈ ಬಿಡಿಸಿಕೊಂಡಳು. ಸಿಟ್ಟಿನಿಂದಲ್ಲ, ಸೆರಗಿಗೆ ಸಿಕ್ಕಿದ ಮುಳ್ಳು ಬಿಡಿಸುವಂತೆ.

"ನಿನ್ನ ಮಾತು ಒಂದ್ಸಲ ಕೇಳಿ ಆಯ್ತಲ್ಲ ಅಕ್ಕಾ."

ಬಾಗಿಲಾಚೆ ಅವನು ಅವಳ ಚೀಲ ತಾನೇ ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ. ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬಳು ಅದನ್ನು ನೋಡಿ ಮೆಚ್ಚುಗೆಯಿಂದ ಕಾಲು ಮಡಚಿ ಅವರಿಗೆ ದಾರಿ ಬಿಟ್ಟಳು. ಅಕ್ಕ ಹೊಸ್ತಿಲವರೆಗೆ ಬಂದಳು. ಇಬ್ಬರೂ ಮೆಟ್ಟಿಲ ತಿರುವಿನಲ್ಲಿ ಮರೆಯಾದರು.

ಒಳಗೆ ಬಂದು ಮೇಜು ಒರೆಸಲು ಬಟ್ಟೆ ತೆಗೆದುಕೊಂಡಳು. ತಣ್ಣನೆಯ ಹಲಗೆಯ ಮೇಲೆ ತಂಗಿಯ ಅಂಗೈ, ಐದೂ ಬೆರಳು, ಬೆವರಿನಲ್ಲಿ ಮೂಡಿತ್ತು. ಅಂಚಿನಿಂದ ಆರುತ್ತಾ ಬರುತ್ತಿತ್ತು.

ಮುಂದಿನ ರೋಗಿ ಒಳಬಂದು ಸ್ಟೂಲಿನ ಮೇಲೆ ಕೂತಳು. "ಕೈ ಎಲ್ಲಿಡ್ಬೇಕು, ಇಲ್ಲೇನಾ?"